ಮನೆಯ ಶೆಡ್ಡಿನಲ್ಲಿ ಹುಟ್ಟುವ ವಿಮಾನ



ಮನೆಯಲ್ಲಿ ಕೈಯಾರೆ ಏನೇನು ತಯಾರಿಸಬಹುದು ಎಂದು ಕೇಳಿದರೆ ನೀವು ಗಾಳಿಪಟ ಎನ್ನುತ್ತೀರಿ, ಮರದ ಬಂಡಿ ಎನ್ನುತ್ತೀರಿ, ಹೆಚ್ಚೆಂದರೆ ಒಂದು ಪುಟ್ಟ ರೇಡಿಯೋ ಎನ್ನುತ್ತೀರಿ. ಯಾರಾದರೂ ಎದ್ದು ನಿಂತು "ವಿಮಾನ" ಎಂದರೆ ತರಗತಿಯೆಲ್ಲ ನಕ್ಕೀತು. ಆದರೆ ಅಮೆರಿಕದಲ್ಲಿ ಈ ಮಾತಿಗೆ ಯಾರೂ ನಗುವುದಿಲ್ಲ. ಅಲ್ಲಿ ಶಾಲಾ ಮಾಸ್ತರರು, ವೈದ್ಯರು, ಮೆಕ್ಯಾನಿಕ್‌ಗಳು, ನಿವೃತ್ತ ನೌಕರರು ತಮ್ಮ ಮನೆಯ ಕಾರು ನಿಲ್ಲಿಸುವ ಶೆಡ್ಡಿನಲ್ಲಿ ವಿಮಾನ ಕಟ್ಟಿ, ಅದನ್ನು ಹಾರಿಸುತ್ತಾರೆ. 2011ರ ಲೆಕ್ಕದಂತೆ ಅಲ್ಲಿಯ ಸಾಮಾನ್ಯ ವಿಮಾನಗಳಲ್ಲಿ, ಅಂದರೆ ವಿಮಾನ ಸಂಸ್ಥೆಗಳ ಮತ್ತು ಸೇನೆಯ ವಿಮಾನಗಳನ್ನು ಬಿಟ್ಟು ಉಳಿದವುಗಳಲ್ಲಿ, ಹತ್ತಕ್ಕೆ ಹೆಚ್ಚುಕಡಿಮೆ ಒಂದು ಇಂಥ ಹವ್ಯಾಸಿಗಳು ಕಟ್ಟಿದ ವಿಮಾನ.

ದೂರದರ್ಶನದ ಪರದೆಯ ಮೇಲೆ ಮಾತು ಬೇಗ ಸರಿದುಹೋಗುತ್ತದೆ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ಮನೆಯಲ್ಲಿ ವಿಮಾನ ಕಟ್ಟುವುದೆಂದರೆ ಏನು? ಅದಕ್ಕೆ ಸರ್ಕಾರ ಏಕೆ ಅನುಮತಿ ಕೊಡುತ್ತದೆ? ಕಟ್ಟುವವನಿಗೆ ಅದು ಏನನ್ನು ಕಲಿಸುತ್ತದೆ? ಕಲಿಯದೆ ಹೋದರೆ ಏನಾಗುತ್ತದೆ?

ಕಿಟ್ ಎಂದರೇನು?

ಮನೆಯಲ್ಲಿ ವಿಮಾನ ಕಟ್ಟಲು ಎರಡು ದಾರಿಗಳಿವೆ. ಮೊದಲನೆಯದು ನಕ್ಷೆಯ ದಾರಿ. ವಿನ್ಯಾಸಕಾರನಿಂದ ನಕ್ಷೆಗಳನ್ನು ಕೊಂಡು, ಮರ, ಲೋಹ, ಬಟ್ಟೆಗಳನ್ನು ಹೊಂದಿಸಿಕೊಂಡು, ಪ್ರತಿಯೊಂದು ಬಿಡಿಭಾಗವನ್ನೂ ತಾನೇ ಕತ್ತರಿಸಿ ಮಾಡಿಕೊಳ್ಳುವುದು. ಎರಡನೆಯದು ಕಿಟ್ ದಾರಿ. ಇದರಲ್ಲಿ ಕಂಪನಿಯು ಅಳತೆಗೆ ಕತ್ತರಿಸಿದ ಹಾಳೆಗಳು, ಬಾಗಿಸಿದ ಪಟ್ಟಿಗಳು, ತೂತು ಹೊಡೆದ ಭಾಗಗಳು ಮತ್ತು ರಿವೆಟ್ಟುಗಳ ಪೊಟ್ಟಣಗಳನ್ನು ಮರದ ಪೆಟ್ಟಿಗೆಯಲ್ಲಿ ತುಂಬಿ ಕಳಿಸುತ್ತದೆ. ಜೊತೆಗೆ ದಪ್ಪನೆಯ ಒಂದು ಸೂಚನಾ ಪುಸ್ತಕ. ಜೋಡಿಸುವ ಕೆಲಸ ಕೊಂಡವನದು.

ಇಂಥ ಕಿಟ್‌ಗಳನ್ನು ಮಾರುವ ಕಂಪನಿಗಳಲ್ಲಿ ಬಹಳ ಹೆಸರಾದದ್ದು ಅಮೆರಿಕದ ಆರೆಗಾನ್ ರಾಜ್ಯದ ವ್ಯಾನ್ಸ್ ಏರ್‌ಕ್ರಾಫ್ಟ್. ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ ಎಂಬ ಎಂಜಿನಿಯರರು ತಮಗಾಗಿ ಒಂದು ಪುಟ್ಟ ವಿಮಾನ ಕಟ್ಟಿಕೊಂಡರು. ಅದನ್ನು ನೋಡಿದವರು ನಮಗೂ ಬೇಕು ಎಂದರು. ಹೀಗೆ 1973ರಲ್ಲಿ ಕಂಪನಿ ಹುಟ್ಟಿತು. ಇವರ ವಿನ್ಯಾಸದ 11,000ಕ್ಕೂ ಹೆಚ್ಚು ವಿಮಾನಗಳನ್ನು ಜನ ಕಟ್ಟಿ ಹಾರಿಸಿದ್ದಾರೆ.

ಕಿಟ್ ಒಮ್ಮೆಗೇ ಬರಬೇಕೆಂದಿಲ್ಲ. ಮೊದಲು ಬಾಲದ ಪೆಟ್ಟಿಗೆ, ಆಮೇಲೆ ರೆಕ್ಕೆ, ಆಮೇಲೆ ಒಡಲು, ಕೊನೆಗೆ ಎಂಜಿನ್ನು, ಪ್ರೊಪೆಲರ್ ಮತ್ತು ಉಪಕರಣಗಳು. ಬಾಲದಿಂದ ಏಕೆ ಆರಂಭ? ಅದು ಚಿಕ್ಕದು, ಅಗ್ಗದ್ದು. ರೆಕ್ಕೆಯಲ್ಲಿ ಬರುವ ಕೆಲಸಗಳೆಲ್ಲ ಅದರಲ್ಲೂ ಇವೆ. ತಪ್ಪಾದರೆ ನಷ್ಟ ಕಡಿಮೆ. ತನಗೆ ಈ ಕೆಲಸಕ್ಕೆ ಬೇಕಾದ ತಾಳ್ಮೆ ಇಲ್ಲವೆಂದು ಬಾಲದಲ್ಲೇ ಅರಿತುಕೊಂಡವನು ಅಲ್ಲಿಗೇ ನಿಲ್ಲಿಸಬಹುದು. ಎರಡು ಆಸನದ ಇಂಥ ಲೋಹದ ವಿಮಾನಕ್ಕೆ ಸಾಮಾನ್ಯವಾಗಿ 1,500ರಿಂದ 2,000 ಗಂಟೆಗಳ ದುಡಿಮೆ ಬೇಕು. ದಿನಕ್ಕೆ ಎರಡು ಗಂಟೆಯಂತೆ ಒಂದು ದಿನವೂ ಬಿಡದೆ ದುಡಿದರೂ 2,000 ಗಂಟೆಗೆ 1,000 ದಿನ. ಅಂದರೆ ಮೂರು ವರ್ಷಕ್ಕೆ ಕೊಂಚ ಕಡಿಮೆ.

ಸೈಕಲ್ ಅಂಗಡಿಯಿಂದ ಆರಂಭ

ನಿಜ ಹೇಳಬೇಕೆಂದರೆ, ಮೊಟ್ಟಮೊದಲ ವಿಮಾನವೇ ಹವ್ಯಾಸಿಗಳ ಕೆಲಸ. ಡೇಟನ್ ಪಟ್ಟಣದ ಸೈಕಲ್ ಅಂಗಡಿಯ ಒಡೆಯರಾದ ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಹಾರಿಸಿದ ಯಂತ್ರ ಯಾವ ಕಾರ್ಖಾನೆಯಲ್ಲೂ ಹುಟ್ಟಿದ್ದಲ್ಲ. ಅಂದಿನ ಮೊದಲ ಹಾರಾಟ 12 ಸೆಕೆಂಡು, ದೂರ ಸುಮಾರು 36 ಮೀಟರು. ಬ್ರೆಜಿಲ್ ಮೂಲದ ಸಾಂಟೋಸ್ ಡ್ಯುಮಾಂಟ್ ತಮ್ಮ ಪುಟ್ಟ ಡೆಮೊಯ್ಸೆಲ್ ವಿಮಾನಕ್ಕೆ ಪೇಟೆಂಟನ್ನೇ ಪಡೆಯಲಿಲ್ಲ. ಅದರ ನಕ್ಷೆ 1910ರಲ್ಲಿ ಅಮೆರಿಕದ ಪಾಪ್ಯುಲರ್ ಮೆಕ್ಯಾನಿಕ್ಸ್ ಪತ್ರಿಕೆಯಲ್ಲಿ ಅಚ್ಚಾಯಿತು. 1929ರಲ್ಲಿ ಬರ್ನಾರ್ಡ್ ಪೀಟನ್‌ಪೋಲ್ ಎಂಬವರು ಮಿನೆಸೋಟದ ಒಂದು ಹಳ್ಳಿಯಲ್ಲಿ ಫೋರ್ಡ್ ಕಾರಿನ ಎಂಜಿನ್ನನ್ನೇ ಮರದ ವಿಮಾನಕ್ಕೆ ಕೂರಿಸಿ ಹಾರಿಸಿದರು.

ಈ ಚರಿತ್ರೆಯಲ್ಲಿ ಒಂದು ಕಹಿ ಅಧ್ಯಾಯವೂ ಇದೆ. ಫ್ರಾನ್ಸಿನ ಆನ್ರಿ ಮಿನ್ಯೆ 1933ರಲ್ಲಿ ಒಂದರ ಹಿಂದೊಂದು ರೆಕ್ಕೆಯಿದ್ದ ಪುಟ್ಟ ವಿಮಾನವನ್ನು ಹಾರಿಸಿದರು. ಅದರ ತಮಾಷೆಯ ಹೆಸರಿಗೆ "ಆಕಾಶದ ಹೇನು" ಎಂದು ಅರ್ಥ. ಪೆಟ್ಟಿಗೆ ಮಾಡಬಲ್ಲವನು ಇದನ್ನೂ ಮಾಡಬಲ್ಲ ಎಂಬ ಭರವಸೆ ಹಬ್ಬಿ ಫ್ರಾನ್ಸಿನಲ್ಲೂ ಬ್ರಿಟನ್ನಿನಲ್ಲೂ ನೂರಾರು ಜನ ಕಟ್ಟಲು ತೊಡಗಿದರು. ಆದರೆ 1935-36ರಲ್ಲಿ ಸಾಲುಸಾಲಾಗಿ ಸಾವುಗಳು ಸಂಭವಿಸಿದವು. ವಿಮಾನವನ್ನು ದೊಡ್ಡ ಗಾಳಿಸುರಂಗದಲ್ಲಿಟ್ಟು ಪರೀಕ್ಷಿಸಿದಾಗ ಕಾರಣ ತಿಳಿಯಿತು. ಮೂತಿ ಒಂದು ಮಿತಿಗಿಂತ ಕೆಳಗೆ ವಾಲಿದರೆ ಎರಡು ರೆಕ್ಕೆಗಳ ನಡುವಿನ ಕಿರಿದಾದ ಸಂದಿಯಲ್ಲಿ ಹರಿಯುವ ಗಾಳಿ ಹಿಂದಿನ ರೆಕ್ಕೆಯನ್ನು ಇನ್ನಷ್ಟು ಮೇಲೆತ್ತುತ್ತಿತ್ತು. ಚಾಲಕ ಮೂತಿಯನ್ನು ಎತ್ತಲು ಪ್ರಯತ್ನಿಸಿದಷ್ಟೂ ವಿಮಾನ ಮತ್ತಷ್ಟು ಕೆಳಮುಖವಾಗುತ್ತಿತ್ತು. ಕಟ್ಟಿದವರ ಕೈಕೆಲಸ ಚೆನ್ನಾಗಿಯೇ ಇದ್ದರೂ ವಿನ್ಯಾಸದ ದೋಷ ಅವರನ್ನು ಬಲಿ ತೆಗೆದುಕೊಂಡಿತು. ಆ ವಿಮಾನಗಳ ಹಾರಾಟವನ್ನು ನಿಷೇಧಿಸಬೇಕಾಯಿತು. ಉತ್ಸಾಹವೊಂದೇ ಸಾಲದು, ಪರೀಕ್ಷೆ ಬೇಕು ಎಂಬುದು ಅಂದಿನ ಪಾಠ.

ಎರಡನೆಯ ಮಹಾಯುದ್ಧದ ನಂತರ, 1953ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಪಾಲ್ ಪೊಬೆರೆಜ್ನಿ ಎಂಬವರು ಕೆಲವು ಗೆಳೆಯರನ್ನು ಕೂಡಿಸಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಆರಂಭಿಸಿದರು. ಒಬ್ಬರ ಅನುಭವ ಇನ್ನೊಬ್ಬರಿಗೆ ಸಿಗುವಂತೆ ಮಾಡಿದ್ದು ಈ ಸಂಘದ ದೊಡ್ಡ ಕೊಡುಗೆ. 1970ರಿಂದ ಅದರ ಮುಖ್ಯ ಮೇಳ ಓಷ್‌ಕೋಶ್ ಎಂಬ ಊರಿನಲ್ಲಿ ನಡೆಯುತ್ತಿದೆ. ನಮ್ಮಲ್ಲಿ ಜಾತ್ರೆಗೆ ಬಂಡಿ ಕಟ್ಟಿಕೊಂಡು ಬರುವಂತೆ ಅಲ್ಲಿಗೆ ಜನ ವಿಮಾನ ಹಾರಿಸಿಕೊಂಡು ಬರುತ್ತಾರೆ, ರೆಕ್ಕೆಯ ಕೆಳಗೇ ಡೇರೆ ಹಾಕಿ ಉಳಿಯುತ್ತಾರೆ.

ಕಾನೂನು ಕೇಳುವ ಅರ್ಧ ಪಾಲು

ಕಾರ್ಖಾನೆಯ ವಿಮಾನಕ್ಕೆ ನೂರೆಂಟು ಪರೀಕ್ಷೆಗಳು. ಹಾಗಿರುವಾಗ ಮನೆಯಲ್ಲಿ ಕಟ್ಟಿದ್ದಕ್ಕೆ ಸರ್ಕಾರ ಹಾರಲು ಬಿಡುವುದು ಹೇಗೆ? ಅಮೆರಿಕದ ನಿಯಮದ ಸಾರಾಂಶ ಹೀಗಿದೆ: ಕೇವಲ ತಮ್ಮ ಶಿಕ್ಷಣಕ್ಕಾಗಿ ಅಥವಾ ಮನರಂಜನೆಗಾಗಿ ಕೆಲಸ ಕೈಗೊಂಡವರು ವಿಮಾನದ ಹೆಚ್ಚಿನ ಭಾಗವನ್ನು ಸ್ವತಃ ತಯಾರಿಸಿ ಜೋಡಿಸಿರಬೇಕು. ಇದನ್ನೇ ಜನ "ಶೇ. 51ರ ನಿಯಮ" ಎನ್ನುತ್ತಾರೆ. ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಯದ್ದಾಗಿರಬೇಕು. ಹಣ ಕೊಟ್ಟು ಪೂರ್ತಿಯಾಗಿ ಬೇರೆಯವರಿಂದ ಕಟ್ಟಿಸಿಕೊಂಡರೆ ಈ ರಿಯಾಯಿತಿ ಇಲ್ಲ.

ಇಲ್ಲಿ "ಶಿಕ್ಷಣ" ಎಂಬ ಪದವನ್ನು ಗಮನಿಸಿ. ಈ ವಿಮಾನವನ್ನು ಕಾನೂನು ಒಂದು ಪಾಠಶಾಲೆಯೆಂದು ಒಪ್ಪಿಕೊಂಡಿದೆ. ಅದಕ್ಕೆ ಪ್ರತಿಯಾಗಿ ಒಂದು ಷರತ್ತನ್ನೂ ಹಾಕಿದೆ. ಬಾಗಿಲ ಬಳಿ "ಎಕ್ಸ್‌ಪೆರಿಮೆಂಟಲ್" ಎಂದು ಕನಿಷ್ಠ ಎರಡು ಅಂಗುಲ ಎತ್ತರದ ಅಕ್ಷರಗಳಲ್ಲಿ ಬರೆದಿರಬೇಕು. ಕಾರ್ಖಾನೆಯ ವಿಮಾನಗಳಿಗೆ ಅನ್ವಯಿಸುವ ಸುರಕ್ಷತಾ ನಿಯಮಗಳಿಗೆ ಇದು ಒಳಪಟ್ಟಿಲ್ಲ ಎಂಬ ಎಚ್ಚರಿಕೆ ಒಳಗೆ ಕೂರುವವರ ಕಣ್ಣಿಗೆ ಬೀಳುವಂತಿರಬೇಕು. ಬಾಡಿಗೆಗೆ ಜನರನ್ನಾಗಲಿ ಸರಕನ್ನಾಗಲಿ ಒಯ್ಯುವಂತಿಲ್ಲ. ಕೆಲಸ ಮುಗಿದ ಮೇಲೆ ಪರಿವೀಕ್ಷಕರು ಬಂದು ನೋಡುತ್ತಾರೆ. ಅಂದು ತೋರಿಸಲು ಕಟ್ಟುವವನು ದಿನದಿನದ ಕೆಲಸವನ್ನು ಪುಸ್ತಕದಲ್ಲಿ ಬರೆದಿಟ್ಟು, ಫೋಟೋ ತೆಗೆದಿಟ್ಟಿರುತ್ತಾನೆ. ನಿಮ್ಮ ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕದ ಹಾಗೆಯೇ.

ಒಂದು ರಿವೆಟ್ಟಿನ ಪಾಠ

ನಿಮ್ಮ ಅಡುಗೆಮನೆಯಲ್ಲಿ ಅಲ್ಯೂಮಿನಿಯಂ ಬಾಣಲೆಯ ಹಿಡಿಯನ್ನು ನೋಡಿ. ಅದನ್ನು ಪಾತ್ರೆಗೆ ಸೇರಿಸಿರುವ ಗುಂಡು ತಲೆಯ ಮೊಳೆಗಳೇ ರಿವೆಟ್ಟುಗಳು. ಲೋಹದ ವಿಮಾನವೂ ಹೀಗೆಯೇ ಸೇರಿಕೊಂಡಿರುತ್ತದೆ. ಅಲ್ಯೂಮಿನಿಯಂ ಮಿಶ್ರಲೋಹದ ಪಕ್ಕೆಲುಬುಗಳ ಮೇಲೆ ತೆಳು ಹಾಳೆಯನ್ನು ಹೊದಿಸಿ ರಿವೆಟ್ ಹೊಡೆಯುತ್ತಾರೆ. ಒಂದು ಪುಟ್ಟ ವಿಮಾನಕ್ಕೇ ಹತ್ತು ಸಾವಿರಕ್ಕೂ ಹೆಚ್ಚು ರಿವೆಟ್ಟುಗಳು ಬೇಕಾಗುತ್ತವೆ.

ಬೆಸುಗೆ ಏಕೆ ಹಾಕುವುದಿಲ್ಲ? ಈ ಮಿಶ್ರಲೋಹಕ್ಕೆ ಶಕ್ತಿ ಬಂದಿರುವುದು ಕ್ರಮಬದ್ಧವಾಗಿ ಕಾಯಿಸಿ ತಣಿಸಿದ್ದರಿಂದ. ಬೆಸುಗೆಯ ಉರಿ ತಗುಲಿದರೆ ಆ ಶಕ್ತಿ ಕುಗ್ಗುತ್ತದೆ. ಆದ್ದರಿಂದ ತಣ್ಣಗಿರುವಾಗಲೇ ಸೇರಿಸುವ ರಿವೆಟ್ಟೇ ವಾಸಿ.

ರಿವೆಟ್ ಹೊಡೆಯಲು ಸಾಮಾನ್ಯವಾಗಿ ಇಬ್ಬರು ಬೇಕು. ಒಬ್ಬರು ಹೊರಗಿನಿಂದ ಗಾಳಿಯ ಒತ್ತಡದಿಂದ ಬಡಿಯುವ ಗನ್ ಹಿಡಿಯುತ್ತಾರೆ. ಇನ್ನೊಬ್ಬರು ಒಳಗಿನಿಂದ ಉಕ್ಕಿನ ಭಾರವಾದ ಗಟ್ಟಿಯನ್ನು ಒತ್ತಿ ಹಿಡಿಯುತ್ತಾರೆ. ಬಡಿತಕ್ಕೆ ರಿವೆಟ್ಟಿನ ಬಾಲ ಚಪ್ಪಟೆಯಾಗಿ ಇನ್ನೊಂದು ತಲೆಯಾಗುತ್ತದೆ. ಅದರ ಅಳತೆಗೂ ಸೂತ್ರವಿದೆ. ಹೊಸ ತಲೆಯ ಅಗಲ ರಿವೆಟ್ಟಿನ ವ್ಯಾಸದ ಒಂದೂವರೆ ಪಟ್ಟು, ಎತ್ತರ ಅರ್ಧ ಪಟ್ಟು ಇರಬೇಕು. ಎಂಟನೇ ಒಂದು ಅಂಗುಲದ ರಿವೆಟ್ಟಿನ ವ್ಯಾಸ ಸುಮಾರು 3.2 ಮಿ.ಮೀ. ಆದ್ದರಿಂದ ತಲೆಯ ಅಗಲ 4.8 ಮಿ.ಮೀ., ಎತ್ತರ 1.6 ಮಿ.ಮೀ. ಬಡಿತ ಕಡಿಮೆಯಾದರೆ ಹಿಡಿತ ಸಾಲದು, ಹೆಚ್ಚಾದರೆ ಲೋಹ ಬಳಲಿ ಬಿರಿಯುತ್ತದೆ. ಕೆಟ್ಟ ರಿವೆಟ್ಟನ್ನು ಡ್ರಿಲ್ಲಿನಿಂದ ಮೆಲ್ಲಗೆ ಕೊರೆದು ತೆಗೆದು ಮತ್ತೆ ಹೊಡೆಯಬೇಕು.

ರಾತ್ರಿ ಹತ್ತು ಗಂಟೆ, ಶೆಡ್ಡಿನಲ್ಲಿ ಯಾರೂ ಇಲ್ಲ, ರೆಕ್ಕೆಯ ಒಳಮೂಲೆಯಲ್ಲಿ ಒಂದು ರಿವೆಟ್ ಸ್ವಲ್ಪ ಓರೆಯಾಗಿದೆ ಎಂದುಕೊಳ್ಳಿ. ನಾಳೆ ಹಾಳೆ ಮುಚ್ಚಿದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಪರಿವೀಕ್ಷಕರೂ ಹತ್ತು ಸಾವಿರವನ್ನೂ ಒಂದೊಂದಾಗಿ ನೋಡಲಾರರು. ಅದನ್ನು ತೆಗೆಯಬೇಕೋ ಬಿಡಬೇಕೋ? ಈ ಪ್ರಶ್ನೆಗೆ ಉತ್ತರ ಕೊಡುವವನು ಕಟ್ಟುವವನೊಬ್ಬನೇ. ಆ ರೆಕ್ಕೆಯ ಮೇಲೆ ನಂಬಿಕೆಯಿಟ್ಟು ಕೂರುವವನೂ ಅವನೇ.

ತೂತಿನ ಅಂಚಿನಲ್ಲಿ ಅಡಗಿದ ಬಿರುಕು

ಬಟ್ಟೆ ಅಂಗಡಿಯವರು ಬಟ್ಟೆ ಹರಿಯುವುದನ್ನು ನೋಡಿದ್ದೀರಾ? ಅಂಚಿಗೆ ಕತ್ತರಿಯಿಂದ ಒಂದು ಚಿಕ್ಕ ಗೀರು ಕೊಡುತ್ತಾರೆ, ಆಮೇಲೆ ಎರಡು ಕೈಯಲ್ಲಿ ಎಳೆದರೆ ಪರ್ರನೆ ಹರಿಯುತ್ತದೆ. ಗೀರಿಲ್ಲದಿದ್ದರೆ ಅದೇ ಬಟ್ಟೆ ಸುಲಭವಾಗಿ ಹರಿಯದು. ಎಳೆತದ ಬಲವೆಲ್ಲ ಗೀರಿನ ತುದಿಯಲ್ಲಿ ಬಂದು ಕೂಡುವುದೇ ಇದಕ್ಕೆ ಕಾರಣ.

ಲೋಹಕ್ಕೂ ಇದೇ ನಿಯಮ. ಡ್ರಿಲ್ ಮಾಡಿದ ತೂತಿನ ಅಂಚಿನಲ್ಲಿ ಮುಳ್ಳಿನಂಥ ಚೂರುಗಳು ಉಳಿಯುತ್ತವೆ. ಅವನ್ನು ಹೆರೆದು ನುಣುಪು ಮಾಡದಿದ್ದರೆ ಪ್ರತಿಯೊಂದೂ ಒಂದು ಗೀರಾಗುತ್ತದೆ. ಹಾರುವಾಗ ರೆಕ್ಕೆ ಎಡೆಬಿಡದೆ ನಡುಗುತ್ತದೆ, ಬಾಗುತ್ತದೆ. ಸಾವಿರಾರು ಸಲ ಹೀಗಾದಾಗ ಗೀರು ಬಿರುಕಾಗಬಹುದು. ಆದ್ದರಿಂದ ಕಟ್ಟುವವರು ತೂತಿನ ಎರಡೂ ಬದಿಯನ್ನು ಹೆರೆಯುತ್ತಾರೆ, ಹಾಳೆಯ ಅಂಚನ್ನು ಉಜ್ಜುತ್ತಾರೆ. ಗಂಟೆಗಟ್ಟಲೆ ಬೇಸರದ ಕೆಲಸ. ಆದರೆ ವಿಮಾನದ ಆಯುಸ್ಸು ಇದರಲ್ಲೇ ಇದೆ.

ಈ ಎಚ್ಚರ ಎಷ್ಟು ಮುಖ್ಯ ಎಂಬುದಕ್ಕೆ ಹತ್ತಿರದ ಕಾಲದ ಒಂದು ಉದಾಹರಣೆ ಇದೆ. ವ್ಯಾನ್ಸ್ ಕಂಪನಿ ಕೆಲವು ಕಾಲ ಕೆಲವು ಭಾಗಗಳ ತೂತುಗಳನ್ನು ಲೇಸರ್ ಕಿರಣದಿಂದ ಕತ್ತರಿಸಿತ್ತು. ರಿವೆಟ್ಟಿನ ತಲೆ ಕೂರಲು ತೂತಿನ ಸುತ್ತ ಗುಳಿ ಒತ್ತುವಾಗ ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣಿಸಿದವು. ಗಮನವಿಟ್ಟು ನೋಡುತ್ತಿದ್ದ ಹವ್ಯಾಸಿಗಳು ಅದನ್ನು ಕಂಡು ದೂರಿದರು. 2023ರಲ್ಲಿ ಕಂಪನಿ ಪರೀಕ್ಷೆಗಳನ್ನು ನಡೆಸಿ, ಯಾವ ಭಾಗಗಳನ್ನು ಬದಲಿಸಬೇಕು, ಯಾವುವನ್ನು ಬಳಸಬಹುದು ಎಂದು ವಿಂಗಡಿಸಿತು. ಈ ನಷ್ಟವೂ ಸೇರಿದಂತೆ ಹಲವು ಕಾರಣಗಳಿಂದ ಅದೇ ವರ್ಷದ ಡಿಸೆಂಬರಿನಲ್ಲಿ ಅದು ನ್ಯಾಯಾಲಯದ ದಿವಾಳಿ ರಕ್ಷಣೆ ಪಡೆದು, 2024ರಲ್ಲಿ ಅದರಿಂದ ಹೊರಬಂತು. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕಿಗೆ ಎಷ್ಟು ದೊಡ್ಡ ಬೆಲೆ ನೋಡಿ.

ಥರ್ಮೋಕೋಲಿನಂಥ ರೆಕ್ಕೆ

ಎಲ್ಲ ವಿಮಾನಗಳೂ ಲೋಹದವಲ್ಲ. ಕ್ಯಾಲಿಫೋರ್ನಿಯಾದ ಬರ್ಟ್ ರುಟಾನ್ ಎಂಬ ವಿನ್ಯಾಸಕಾರರು 1970ರ ದಶಕದಲ್ಲಿ ಬೇರೊಂದು ದಾರಿ ಹಿಡಿದರು. ಶಾಲೆಯ ವಸ್ತುಪ್ರದರ್ಶನಕ್ಕೆ ನೀವು ಕಾದ ತಂತಿಯಿಂದ ಥರ್ಮೋಕೋಲ್ ಕತ್ತರಿಸಿರಬಹುದು. ರುಟಾನ್ ಅವರ ಲಾಂಗ್-ಈಜಿ ವಿಮಾನದ ರೆಕ್ಕೆಯೂ ಹಾಗೆಯೇ ಹುಟ್ಟುತ್ತದೆ. ಗಟ್ಟಿ ನೊರೆಯ ದಿಮ್ಮಿಯನ್ನು ಕಾದ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕತ್ತರಿಸಿ, ಮೇಲೆ ಗಾಜಿನ ನೂಲಿನ ಬಟ್ಟೆ ಹಾಸಿ, ಎಪಾಕ್ಸಿ ಅಂಟಿನಲ್ಲಿ ನೆನೆಸುತ್ತಾರೆ. ಅಂಟು ಗಟ್ಟಿಯಾದಾಗ ಹಗುರವೂ ಬಲವೂ ಆದ ರೆಕ್ಕೆ ಸಿದ್ಧ.

ನೊರೆಗೆ ಇಷ್ಟು ಬಲ ಎಲ್ಲಿಂದ ಬಂತು? ಬಿದಿರನ್ನು ನೆನೆಸಿಕೊಳ್ಳಿ. ಒಳಗೆ ಟೊಳ್ಳು, ಹೊರಗೆ ಗಟ್ಟಿ. ಯಾವುದೇ ತೊಲೆ ಬಾಗುವಾಗ ಹೆಚ್ಚಿನ ಎಳೆತ ಮತ್ತು ಒತ್ತಡ ಅದರ ಹೊರಮೈಗೇ ಬೀಳುತ್ತವೆ. ಆದ್ದರಿಂದ ಬಲವಾದ ವಸ್ತು ಹೊರಗಿದ್ದರೆ ಸಾಕು, ಒಳಗಿನದು ಆ ಎರಡು ಮೈಗಳನ್ನು ದೂರ ಹಿಡಿದಿಟ್ಟರೆ ಸಾಕು.

ಲಾಂಗ್-ಈಜಿಯ ಇನ್ನೊಂದು ವಿಶೇಷ ಅದರ ಮೂತಿಯಲ್ಲಿರುವ ಪುಟ್ಟ ರೆಕ್ಕೆ. ಇದಕ್ಕೆ ಕನಾರ್ಡ್ ಎನ್ನುತ್ತಾರೆ. ಎಂಜಿನ್ನು ಇರುವುದು ಹಿಂದೆ. ವೇಗ ತೀರಾ ತಗ್ಗಿ ಮೂತಿ ಮೇಲೆದ್ದಾಗ ರೆಕ್ಕೆಯ ಮೇಲಿನ ಗಾಳಿ ಕದಡಿ, ಎತ್ತುವ ಬಲ ಕುಸಿಯುತ್ತದೆ. ಇದಕ್ಕೆ ಸ್ಟಾಲ್ ಎಂದು ಹೆಸರು. ಲಾಂಗ್-ಈಜಿಯಲ್ಲಿ ಮುಂದಿನ ಪುಟ್ಟ ರೆಕ್ಕೆ ಮೊದಲು ಈ ಸ್ಥಿತಿಗೆ ಬರುವಂತೆ ವಿನ್ಯಾಸ ಮಾಡಿದ್ದಾರೆ. ಆಗ ಮೂತಿ ತಾನಾಗಿ ಕೆಳಗಿಳಿಯುತ್ತದೆ, ವೇಗ ಮರಳಿ ಬರುತ್ತದೆ, ದೊಡ್ಡ ರೆಕ್ಕೆ ಬಲ ಕಳೆದುಕೊಳ್ಳುವುದೇ ಇಲ್ಲ.

ಈ ಲಾಂಗ್-ಈಜಿಗೂ ನಮ್ಮ ಬೆಂಗಳೂರಿಗೂ ನಂಟಿದೆ. 1980ರ ದಶಕದಲ್ಲಿ ಬೆಂಗಳೂರಿನ ಎನ್.ಎ.ಎಲ್. ಪ್ರಯೋಗಾಲಯದ ವಿಜ್ಞಾನಿಗಳು ಈ ವಿನ್ಯಾಸವನ್ನು ಆಧರಿಸಿ ಎಲ್.ಸಿ.ಆರ್.ಎ. ಎಂಬ ಸಂಶೋಧನಾ ವಿಮಾನವನ್ನು ಕಟ್ಟಿ ಹಾರಿಸಿದರು. ಗಾಜಿನ ನೂಲಿನ ಕೆಲಸವನ್ನು ಕೈಯಾರೆ ಕಲಿಯುವುದಕ್ಕೆ ಅದು ಒಳ್ಳೆಯ ಅವಕಾಶವಾಯಿತು. ಮುಂದೆ ಅದೇ ಪ್ರಯೋಗಾಲಯ ರೂಪಿಸಿದ ಎರಡು ಆಸನದ ಹಂಸ ವಿಮಾನ 1993ರಲ್ಲಿ ಮೊದಲು ಹಾರಿತು, 2000ದಲ್ಲಿ ಸರ್ಕಾರಿ ಪ್ರಮಾಣಪತ್ರ ಪಡೆಯಿತು. ಹವ್ಯಾಸಿಗಳಿಗೆಂದು ಬರೆದ ನಕ್ಷೆ ವಿಜ್ಞಾನಿಗಳಿಗೂ ಪಾಠವಾದದ್ದು ಹೀಗೆ.

ತಕ್ಕಡಿಯ ಮೇಲೆ ವಿಮಾನ

ವಿಮಾನ ಸಿದ್ಧವಾಯಿತು. ಹಾರುವ ಮೊದಲು ಅದನ್ನು ತೂಗಬೇಕು. ಸೈಕಲ್ಲಿನ ಕ್ಯಾರಿಯರಿನಲ್ಲಿ ಗ್ಯಾಸ್ ಸಿಲಿಂಡರ್ ಕಟ್ಟಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಹಿಡಿತಕ್ಕೆ ಸಿಗುವುದಿಲ್ಲ ಅಲ್ಲವೆ? ವಿಮಾನದಲ್ಲೂ ಭಾರ ಹಿಂದಕ್ಕೆ ಸರಿದರೆ ಮೂತಿ ಮೇಲೇಳುತ್ತದೆ, ಇಳಿಸಲು ಬಾಲಕ್ಕೆ ಶಕ್ತಿ ಸಾಲುವುದಿಲ್ಲ.

ಮೂರು ಚಕ್ರಗಳ ಕೆಳಗೂ ಒಂದೊಂದು ತಕ್ಕಡಿಯಿಟ್ಟು ತೂಗುತ್ತಾರೆ. ಲೆಕ್ಕಕ್ಕಾಗಿ ಒಂದು ಕಲ್ಪಿತ ವಿಮಾನವನ್ನು ತೆಗೆದುಕೊಳ್ಳೋಣ. ಮೂತಿಯ ತುದಿಯಿಂದ ಮುಂಚಕ್ರ 40 ಸೆಂ.ಮೀ., ಎರಡು ಮುಖ್ಯ ಚಕ್ರಗಳು 170 ಸೆಂ.ಮೀ. ದೂರದಲ್ಲಿವೆ. ಮುಂಚಕ್ರದ ಮೇಲೆ 100 ಕಿ.ಗ್ರಾಂ., ಮುಖ್ಯ ಚಕ್ರಗಳ ಮೇಲೆ ಒಟ್ಟು 400 ಕಿ.ಗ್ರಾಂ. ತೂಕವನ್ನು ದೂರದಿಂದ ಗುಣಿಸಿ ಕೂಡಿದರೆ 4,000 + 68,000 = 72,000. ಇದನ್ನು ಒಟ್ಟು ತೂಕ 500ರಿಂದ ಭಾಗಿಸಿದರೆ ಗುರುತ್ವ ಕೇಂದ್ರ 144 ಸೆಂ.ಮೀ.

ಈಗ 190 ಸೆಂ.ಮೀ. ದೂರದ ಆಸನದಲ್ಲಿ 80 ಕಿ.ಗ್ರಾಂ. ತೂಕದ ಚಾಲಕ ಕೂತರೆ ಕೇಂದ್ರ ಸುಮಾರು 150.3ಕ್ಕೆ ಸರಿಯುತ್ತದೆ. ಅವನ ಹಿಂದೆ 250 ಸೆಂ.ಮೀ. ದೂರದಲ್ಲಿ 30 ಕಿ.ಗ್ರಾಂ. ಸಾಮಾನು ಇಟ್ಟರೆ 155.2. ವಿನ್ಯಾಸಕಾರ ಹಾಕಿದ ಹಿಂದಿನ ಮಿತಿ 155 ಆಗಿದ್ದರೆ? ಸಾಮಾನು 25 ಕಿ.ಗ್ರಾಂ.ಗೆ ಇಳಿಸಿದರೆ ಕೇಂದ್ರ ಸುಮಾರು 154.5ರಲ್ಲಿ ನಿಂತು ವಿಮಾನ ಸುರಕ್ಷಿತ. ಐದು ಕಿಲೋ ಅಕ್ಕಿಯಷ್ಟು ಭಾರ ಸರಿ-ತಪ್ಪುಗಳ ಗೆರೆಯನ್ನು ದಾಟಿಸಿಬಿಡುತ್ತದೆ. ನೀವು ಭೌತಶಾಸ್ತ್ರದಲ್ಲಿ ಕಲಿಯುವ ಸನ್ನೆಯ ನಿಯಮ ಇಲ್ಲಿ ಪ್ರಾಣ ಕಾಯುವ ನಿಯಮ.

ಮೊದಲ ಹಾರಾಟ, ನಲವತ್ತು ಗಂಟೆ

ಪ್ರಮಾಣಪತ್ರ ಸಿಕ್ಕಿತೆಂದು ಅಂದೇ ಮನೆಯವರನ್ನು ಕೂರಿಸಿಕೊಂಡು ಊರು ಸುತ್ತುವಂತಿಲ್ಲ. ಅಮೆರಿಕದಲ್ಲಿ ಬಹುಕಾಲದ ಪದ್ಧತಿಯಂತೆ ಮೊದಲ 40 ಗಂಟೆಗಳು ಪರೀಕ್ಷಾ ಹಾರಾಟ. ಎಂಜಿನ್ನೂ ಪ್ರೊಪೆಲರೂ ಪ್ರಮಾಣಿತ ಜೋಡಿಯಾಗಿದ್ದರೆ 25 ಗಂಟೆ. ಜನವಸತಿಯಿಂದ ದೂರದ ಗೊತ್ತಾದ ಪ್ರದೇಶದಲ್ಲೇ ಹಾರಬೇಕು, ಪ್ರಯಾಣಿಕರನ್ನು ಒಯ್ಯಬಾರದು. ಯಾವ ವೇಗಕ್ಕೆ ಸ್ಟಾಲ್, ಏರುವ ದರ ಎಷ್ಟು, ಗಂಟೆಗೆ ಎಷ್ಟು ಪೆಟ್ರೋಲು ಎಂದು ಒಂದೊಂದನ್ನೇ ಅಳೆದು ಬರೆದುಕೊಳ್ಳಬೇಕು. 2014ರಿಂದ ಅರ್ಹತೆಯುಳ್ಳ ಇನ್ನೊಬ್ಬ ಚಾಲಕ ಜೊತೆಗೆ ಕೂರಲು ಅವಕಾಶವಿದೆ.

ಇಷ್ಟೆಲ್ಲ ಎಚ್ಚರ ಬೇಕೆ? ಬೇಕು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2011ರಲ್ಲಿ ಸಾಮಾನ್ಯ ವಿಮಾನಗಳ ಪೈಕಿ ಶೇ. 10ರಷ್ಟಿದ್ದ ಹವ್ಯಾಸಿ ವಿಮಾನಗಳು ಅಪಘಾತಗಳಲ್ಲಿ ಶೇ. 15, ಸಾವು ಸಂಭವಿಸಿದ ಅಪಘಾತಗಳಲ್ಲಿ ಶೇ. 21 ಪಾಲು ಹೊಂದಿದ್ದವು. ಎಂಜಿನ್ ಕೈಕೊಡುವುದು, ಚಾಲಕನ ಹಿಡಿತ ತಪ್ಪುವುದು ಇವೇ ಮುಖ್ಯ ಕಾರಣಗಳು. ಹೊಸದಾಗಿ ಕಟ್ಟಿದ ವಿಮಾನದ ಆರಂಭದ ಹಾರಾಟಗಳು ಅಪಾಯದವು. ಇತರರು ಕಟ್ಟಿದ್ದನ್ನು ಕೊಂಡವರ ಆರಂಭದ ಹಾರಾಟಗಳೂ ಅಷ್ಟೇ ಅಪಾಯದವು. ಈ ಎರಡನೆಯ ಮಾತಿಗೆ ಒಂದು ದುಃಖದ ನಿದರ್ಶನವಿದೆ.

ಒಂದು ಕವಾಟದ ಕಥೆ

ಜಾನ್ ಡೆನ್ವರ್ ಅಮೆರಿಕದ ಪ್ರಸಿದ್ಧ ಗಾಯಕರು, ಅನುಭವಿ ವಿಮಾನ ಚಾಲಕರೂ ಹೌದು. 1997ರ ಅಕ್ಟೋಬರ್ 12ರಂದು ಅವರು ತಾವು ಹೊಸದಾಗಿ ಕೊಂಡಿದ್ದ ಲಾಂಗ್-ಈಜಿಯಲ್ಲಿ ಕ್ಯಾಲಿಫೋರ್ನಿಯಾದ ಕಡಲ ತೀರದ ಮೇಲೆ ಹಾರುತ್ತಿದ್ದರು. ವಿಮಾನ ಸಮುದ್ರಕ್ಕೆ ಬಿದ್ದು ಅವರು ತೀರಿಕೊಂಡರು. ಆ ವಿಮಾನವನ್ನು ಕಟ್ಟಿದ್ದು ಬೇರೊಬ್ಬರು.

ಲಾಂಗ್-ಈಜಿಯ ಎರಡು ರೆಕ್ಕೆಗಳಲ್ಲೂ ಒಂದೊಂದು ಪೆಟ್ರೋಲ್ ಟ್ಯಾಂಕಿದೆ. ಒಂದು ಬರಿದಾದರೆ ಇನ್ನೊಂದಕ್ಕೆ ಬದಲಿಸಲು ಕವಾಟವಿದೆ. ವಿನ್ಯಾಸಕಾರರ ನಕ್ಷೆಯಲ್ಲಿ ಅದರ ಜಾಗ ಚಾಲಕನ ಕಾಲುಗಳ ನಡುವೆ, ಕಣ್ಣಿಗೆ ಕಾಣುವಂತೆ, ಕೈಗೆ ಎಟುಕುವಂತೆ. ಆದರೆ ಈ ವಿಮಾನ ಕಟ್ಟಿದವರು ಪೆಟ್ರೋಲಿನ ಕೊಳವೆ ಚಾಲಕನ ಕೋಣೆಯೊಳಗೆ ಬರುವುದು ಬೇಡವೆಂದು ಕವಾಟವನ್ನು ಚಾಲಕನ ಎಡಭುಜದ ಹಿಂದೆ ಕೂರಿಸಿದ್ದರು. ಉದ್ದೇಶ ಒಳ್ಳೆಯದೇ. ಬೆಂಕಿಯ ಭಯ ಯಾರಿಗಿಲ್ಲ? ಆದರೆ ಅದರ ಹಿಡಿಯನ್ನು ತಿರುಗಿಸಬೇಕಾದರೆ ಚಾಲಕ ಇಡೀ ಮೈಯನ್ನು ಹಿಂದಕ್ಕೆ ಹೊರಳಿಸಬೇಕಿತ್ತು. ಹಾಗೆ ಹೊರಳಿದಾಗ ಬಲಗಾಲು ತನಗರಿವಿಲ್ಲದೆ ಚುಕ್ಕಾಣಿಯ ಪೆಡಲನ್ನು ಒತ್ತುತ್ತದೆ, ವಿಮಾನ ಓರೆಯಾಗುತ್ತದೆ. ಹಿಡಿಯ ಮೇಲೆ ಯಾವ ಗುರುತೂ ಇರಲಿಲ್ಲ, ಪೆಟ್ರೋಲಿನ ಮಟ್ಟ ತೋರಿಸುವ ಗಾಜಿನ ಮೇಲೂ ಇರಲಿಲ್ಲ. ಅಂದು ಪೆಟ್ರೋಲು ಕಡಿಮೆಯಿತ್ತು, ಹೊರಡುವ ಮುನ್ನ ತುಂಬಿಸಿಕೊಂಡಿರಲಿಲ್ಲ.

ಕವಾಟದ ಹಿಡಿಯತ್ತ ಹೊರಳಿದಾಗ ಗಮನ ಬೇರೆಡೆ ಹೋಗಿ, ಬಲ ಪೆಡಲು ಒತ್ತಿ ಹಿಡಿತ ತಪ್ಪಿತು ಎಂದು ತನಿಖೆ ತೀರ್ಮಾನಿಸಿತು. ಕವಾಟದ ಜಾಗ, ಗುರುತಿಲ್ಲದಿರುವುದು, ಪೆಟ್ರೋಲಿನ ಲೆಕ್ಕ ತಪ್ಪಿದ್ದು, ಹೊಸ ವಿಮಾನದಲ್ಲಿ ಸಾಕಷ್ಟು ತರಬೇತಿ ಪಡೆಯದಿದ್ದುದು, ಇವೆಲ್ಲ ಕೂಡಿ ಬಂದ ಕಾರಣಗಳೆಂದು ಹೇಳಿತು. ಇವುಗಳಲ್ಲಿ ಯಾವುದಾದರೂ ಒಂದು ಇಲ್ಲದಿದ್ದರೆ ಅಂದಿನ ಹಾರಾಟ ಸುಖವಾಗಿ ಮುಗಿಯುತ್ತಿತ್ತೇನೋ.

ಎರಡು ಕಥೆಗಳನ್ನೂ ಒಟ್ಟಿಗೆ ಇಟ್ಟು ನೋಡಿ. "ಆಕಾಶದ ಹೇನು" ವಿಮಾನದಲ್ಲಿ ತಪ್ಪು ನಕ್ಷೆಯಲ್ಲಿತ್ತು. ಇಲ್ಲಿ ನಕ್ಷೆ ಸರಿಯಿತ್ತು, ಅದರಿಂದ ದೂರ ಸರಿದದ್ದು ತಪ್ಪಾಯಿತು. ಹಾಗಾದರೆ ನಕ್ಷೆಯನ್ನು ಕುರುಡಾಗಿ ಒಪ್ಪಬೇಕೆ, ಪ್ರಶ್ನಿಸಬೇಕೆ? ಪ್ರಶ್ನಿಸಬೇಕು, ಖಂಡಿತ. ಆದರೆ ಅದು ಹೀಗೇಕೆ ಇದೆ ಎಂದು ಪೂರ್ತಿ ತಿಳಿದ ಮೇಲೆಯೇ ಬದಲಿಸಬೇಕು. ಬದಲಿಸಿದ ಮೇಲೆ ನೆಲದ ಮೇಲೆಯೇ ಕೂತು, ಕಟ್ಟುಪಟ್ಟಿ ಬಿಗಿದುಕೊಂಡು, ಕೈ ಎಟುಕುತ್ತದೆಯೇ, ಕಾಲು ಏನು ಮಾಡುತ್ತದೆ ಎಂದು ಪರೀಕ್ಷಿಸಬೇಕು. ನಾಳೆ ಇದನ್ನು ಬಳಸುವವನು ನಾನಲ್ಲದೆ ಬೇರೆಯವನಾದರೆ ಅವನಿಗೆ ತಿಳಿಯುತ್ತದೆಯೇ ಎಂದೂ ಕೇಳಿಕೊಳ್ಳಬೇಕು.

ನಮ್ಮವರ ಪ್ರಯತ್ನಗಳು

ನಮ್ಮ ದೇಶದಲ್ಲಿ ಈ ಹವ್ಯಾಸ ಇನ್ನೂ ಎಳೆಯದು. ಎಂಜಿನ್ನು ದುಬಾರಿ, ಜಾಗ ಕಡಿಮೆ, ಅನುಮತಿಯ ದಾರಿ ಉದ್ದ. ಆದರೂ ಮುಂಬಯಿಯ ವಿಮಾನ ಚಾಲಕ ಅಮೋಲ್ ಯಾದವ್ ಕಾಂದಿವಲಿಯ ತಮ್ಮ ಕಟ್ಟಡದ ತಾರಸಿಯ ಮೇಲೆ, ಕಿಟ್ ಇಲ್ಲದೆಯೇ, ಆರು ಆಸನದ ವಿಮಾನ ಕಟ್ಟಿದರು. 2016ರ ಫೆಬ್ರುವರಿಯಲ್ಲಿ ಅದನ್ನು ಮುಂಬಯಿಯಲ್ಲಿ ಪ್ರದರ್ಶಿಸಿದರು. ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಿಸಲು ಅನುಮತಿ ದೊರೆತದ್ದು 2019ರಲ್ಲಿ. ಬ್ರಿಟನ್ನಿನಲ್ಲಿ ನೆಲೆಸಿರುವ ಕೇರಳ ಮೂಲದ ಎಂಜಿನಿಯರೊಬ್ಬರು ಕೊರೋನಾ ಕಾಲದಲ್ಲಿ ದಕ್ಷಿಣ ಆಫ್ರಿಕದಿಂದ ನಾಲ್ಕು ಆಸನದ ಕಿಟ್ ತರಿಸಿ, ಸುಮಾರು ಒಂದೂವರೆ ವರ್ಷದಲ್ಲಿ ಕಟ್ಟಿ, ಅದರಲ್ಲಿ ಯುರೋಪಿನ ಪ್ರವಾಸವನ್ನೂ ಮಾಡಿದರು.

ನೀವು ನಾಳೆಯೇ ವಿಮಾನ ಕಟ್ಟಬೇಕೆಂದಿಲ್ಲ. ಎನ್.ಸಿ.ಸಿ.ಯ ವಾಯು ವಿಭಾಗದಲ್ಲಿ ಏರೋಮಾಡೆಲಿಂಗ್ ಇದೆ, ಮೈಕ್ರೋಲೈಟ್ ಹಾರಾಟವಿದೆ. ಬಾಲ್ಸಾ ಮರದಲ್ಲಿ ಮಾಡಿದ ಒಂದಡಿ ಉದ್ದದ ಗ್ಲೈಡರಿಗೂ ಗುರುತ್ವ ಕೇಂದ್ರವಿದೆ, ಸ್ಟಾಲ್ ಇದೆ. ಅದರ ಮೂತಿಗೆ ಸ್ವಲ್ಪ ಜೇಡಿಮಣ್ಣು ಮೆತ್ತಿ ಎಸೆಯಿರಿ, ತೆಗೆದು ಎಸೆಯಿರಿ. ಪ್ರತಿಸಲ ಎಷ್ಟು ದೂರ ಹೋಯಿತು, ಹೇಗೆ ಬಿತ್ತು ಎಂದು ಬರೆದಿಡಿ. ಹತ್ತು ಸಲ ಎಸೆದ ಮೇಲೆ ಬರೆದದ್ದನ್ನು ಓದಿ ನೋಡಿ. ನೀವೂ ಪರೀಕ್ಷಾ ಹಾರಾಟ ಆರಂಭಿಸಿದಂತಾಯಿತು.

ಪರೀಕ್ಷೆಯಲ್ಲಿ ಎರಡು ಅಂಕ ಕಡಿಮೆಯಾದರೆ ಕೃಪಾಂಕ ಸಿಗಬಹುದು. ಆಕಾಶದಲ್ಲಿ ಕೃಪಾಂಕವಿಲ್ಲ. ಅದಕ್ಕಾಗಿಯೇ ಶೆಡ್ಡಿನಲ್ಲಿ ವಿಮಾನ ಕಟ್ಟುವವನು ತಾನೇ ವಿದ್ಯಾರ್ಥಿ, ತಾನೇ ಪರೀಕ್ಷಕ. ಯಾರೂ ನೋಡದ ಮೂಲೆಯ ಓರೆ ರಿವೆಟ್ಟನ್ನು ಕೊರೆದು ತೆಗೆದು ಮತ್ತೆ ಸರಿಯಾಗಿ ಹೊಡೆಯುವುದನ್ನು ಕಲಿತವನು ಮುಂದೆ ಸೇತುವೆ ಕಟ್ಟಲಿ, ಔಷಧ ಬೆರೆಸಲಿ, ಲೆಕ್ಕಪತ್ರ ಬರೆಯಲಿ, ಅವನ ಕೆಲಸವನ್ನು ನಾವು ನಂಬಬಹುದು.